ಟೆಸ್ಟ್ ಎಲ್ಲ ಪಾಸ್, ಮೆಮೊರಿ ಮಾತ್ರ ಏರುತ್ತಲೇ ಇದೆ. ಏನು ಮಾಡಲಿ?

ಪ್ರಶ್ನೆ: ನಾನು ಸಿ ಭಾಷೆಯಲ್ಲಿ ಒಂದು ಚಿಕ್ಕ ಲೈಬ್ರರಿ ಬರೆದಿದ್ದೇನೆ. ನುಡಿ ಫಾಂಟಿನಲ್ಲಿರುವ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ ಕೊಡುತ್ತದೆ. ಸುಮಾರು 80 ಯೂನಿಟ್ ಟೆಸ್ಟ್ ಇವೆ, ಎಲ್ಲವೂ ಪಾಸ್. ಆದರೆ ಅದನ್ನು ಪೈಥಾನ್ ಸರ್ವರ್ ಒಂದರಲ್ಲಿ ಸಿಟೈಪ್ಸ್ (ಪೈಥಾನ್‌ನಿಂದ ಸಿ ಕೋಡ್ ಕರೆಯುವ ಮಾಡ್ಯೂಲ್) ಮೂಲಕ ಬಳಸುತ್ತಿರುವ ಗೆಳೆಯರೊಬ್ಬರು, ಎರಡು ದಿನ ಓಡಿದ ಮೇಲೆ ಮೆಮೊರಿ ಜಾಸ್ತಿ ಆಗುತ್ತಾ ಹೋಗುತ್ತದೆ ಅನ್ನುತ್ತಾರೆ. ಟೆಸ್ಟ್‌ನಲ್ಲಿ ಪರಿವರ್ತನೆಗೆ ಮೊದಲು ಮತ್ತು ಆಮೇಲೆ ಪ್ರೊಸೆಸ್ ಎಷ್ಟು ಮೆಮೊರಿ ತಿಂದಿದೆ ಅಂತ ಅಳೆದು ಹೋಲಿಸಿದೆ. ಒಂದೊಂದು ಸಲ ಪಾಸ್, ಒಂದೊಂದು ಸಲ ಫೇಲ್. ಟೆಸ್ಟ್‌ಗಳನ್ನು ವ್ಯಾಲ್‌ಗ್ರಿಂಡ್ ಎಂಬ ಮೆಮೊರಿ ತಪಾಸಣೆ ಟೂಲ್‌ನಲ್ಲಿ ಓಡಿಸಿದರೆ ಲೀಕ್ (ಬಿಡದೆ ಉಳಿದ ಮೆಮೊರಿ) ಏನೂ ಇಲ್ಲ ಅನ್ನುತ್ತದೆ. ಮೆಮೊರಿಗೆ ಯೂನಿಟ್ ಟೆಸ್ಟ್ ಬರೆಯೋದು ನಿಜಕ್ಕೂ ಸಾಧ್ಯವಾ?

ಉತ್ತರ: ಸಾಧ್ಯ. ನಿಮ್ಮ ಗೆಳೆಯರ ಸರ್ವರ್‌ನಲ್ಲಿ ಏನಾಗುತ್ತಿರಬಹುದು ಅನ್ನೋದರ ಬಗ್ಗೆ ನನಗೊಂದು ಬಲವಾದ ಅನುಮಾನ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಟೆಸ್ಟ್ ವಿಷಯ, ಯಾಕೆಂದರೆ ಆ ಅನುಮಾನ ನಿಜವೋ ಸುಳ್ಳೋ ಅಂತ ನೋಡೋದಕ್ಕೂ ಅದೇ ಬೇಕು.

ಪ್ರೊಸೆಸ್ ಮೆಮೊರಿ ಅಳೆಯುವ ಆ ಟೆಸ್ಟನ್ನು ಅಳಿಸಿಬಿಡಿ. ನೀವು ಫ್ರೀ (ಜಾಗ ಬಿಡುವ ಫಂಕ್ಷನ್) ಕರೆದ ತಕ್ಷಣ ಆ ಜಾಗ ಕರ್ನಲ್‌ಗೆ ವಾಪಸ್ ಹೋಗಲೇಬೇಕು ಅಂತ ಏನೂ ಇಲ್ಲ. ಮುಂದೆ ಯಾರಾದರೂ ಕೇಳಿದರೆ ಬೇಗ ಕೊಡೋಣ ಅಂತ ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಇನ್ನೊಂದು ಕಡೆ, ಮೊದಲ ಸಲ ಪ್ರಿಂಟ್‌ಎಫ್ ಕರೆದಾಗ ಅದರ ಬಫರ್‌ಗೂ ಜಾಗ ಹೋಗುತ್ತದೆ. ನಿಮ್ಮ ಲೈಬ್ರರಿಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ಲೆಕ್ಕ ನಿಮ್ಮ ತಲೆಗೆ ಬರುತ್ತದೆ. ಡಬ್ಬಿಯ ಗಾತ್ರ ನೋಡಿ ಒಳಗೆ ಎಷ್ಟು ಅಕ್ಕಿ ಉಳಿದಿದೆ ಅಂತ ಹೇಳಿದ ಹಾಗೆ ಇದು. ಹಾಗಾಗಿ ಒಮ್ಮೆ ಪಾಸ್, ಒಮ್ಮೆ ಫೇಲ್. ಹೊರಗಿನಿಂದ ಅಳೆಯುವ ಬದಲು ಮೆಮೊರಿ ಕೊಡುವ ಕೈಯನ್ನೇ ಟೆಸ್ಟ್ ಹಿಡಿಯಬೇಕು. ನಾನು ಹೇಳೋದೆಲ್ಲ ಬಹುಪಾಲು ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಅಂದರೆ ಏನು? ನಿಮ್ಮ ಲೈಬ್ರರಿ ಈಗ ಮ್ಯಾಲಕ್ (ಜಾಗ ಕೇಳೋದು), ರಿಯಾಲಕ್ (ಹಿಗ್ಗಿಸೋದು), ಫ್ರೀಗಳನ್ನು ನೇರವಾಗಿ ಕರೆಯುತ್ತಿದೆ ಅಲ್ವಾ? ಅದರ ಬದಲು ಈ ಮೂರರ ಫಂಕ್ಷನ್ ಪಾಯಿಂಟರ್‌ಗಳನ್ನು (ವಿಳಾಸಗಳನ್ನು) ಇಟ್ಟ ಒಂದು ಚಿಕ್ಕ ಸ್ಟ್ರಕ್ಟ್ ಮಾಡಿ. ಲೈಬ್ರರಿಯ ಕಾಂಟೆಕ್ಸ್ಟ್ (ಒಂದು ಬಳಕೆಯ ಸ್ಥಿತಿಯನ್ನೆಲ್ಲ ಇಡುವ ಸ್ಟ್ರಕ್ಟ್) ಹುಟ್ಟುವಾಗಲೇ ಅದನ್ನು ಒಳಗೆ ಕೊಡಿ. ಮಾಮೂಲಿ ಬಳಕೆಯಲ್ಲಿ ಅವು ಸಿಸ್ಟಮ್ ಮ್ಯಾಲಕ್ಕನ್ನೇ ತೋರಿಸುತ್ತವೆ. ಟೆಸ್ಟ್‌ನಲ್ಲಿ ಮಾತ್ರ ನಿಮ್ಮ ಸ್ವಂತ ಅಲೊಕೇಟರನ್ನು, ಅಂದರೆ ಮೆಮೊರಿ ಕೊಡುವ ಕೋಡನ್ನು, ತೋರಿಸುತ್ತವೆ.

ಇದು ಹೊಸ ವಿದ್ಯೆಯೇನಲ್ಲ. ಝಡ್‌ಲಿಬ್ ಎಂಬ ಕಂಪ್ರೆಷನ್ ಲೈಬ್ರರಿಯ ಸ್ಟ್ರೀಮ್ ಸ್ಟ್ರಕ್ಟ್‌ನಲ್ಲಿ ಝಡ್‌ಅಲಾಕ್, ಝಡ್‌ಫ್ರೀ ಅಂತ ಎರಡು ಜಾಗ ಇರೋದು ಇದಕ್ಕೇ. ಲುವಾ ಭಾಷೆ ಇನ್ನೂ ಜಾಣತನ ಮಾಡಿದೆ: ಜಾಗ ಕೇಳೋದು, ಹಿಗ್ಗಿಸೋದು, ಬಿಡೋದು ಮೂರಕ್ಕೂ ಒಂದೇ ಫಂಕ್ಷನ್, ಅದಕ್ಕೆ ಹಳೆಯ ಗಾತ್ರವನ್ನೂ ಹೇಳುತ್ತದೆ. ನಿಮ್ಮದು ಈಗಾಗಲೇ ಜನರ ಕೈಯಲ್ಲಿರುವ ಲೈಬ್ರರಿ, ಹಳೆ ಎಪಿಐ ಮುರಿಯಬಾರದು ಅಂತಿದ್ದರೆ ಎಕ್ಸ್‌ಪ್ಯಾಟ್ ಎಂಬ ಎಕ್ಸ್‌ಎಮ್‌ಎಲ್ ಪಾರ್ಸರ್ ಮಾಡಿದ್ದನ್ನು ನೋಡಿ. ಅಲ್ಲಿ ಪಾರ್ಸರ್ ಸೃಷ್ಟಿಸುವ ಸಾದಾ ಫಂಕ್ಷನ್ ಹಾಗೇ ಇದೆ. ಪಕ್ಕದಲ್ಲಿ ಅಲೊಕೇಟರ್ ತೆಗೆದುಕೊಳ್ಳುವ ಇನ್ನೊಂದು ಇದೆ, ಅಷ್ಟೇ.

ಗ್ಲೋಬಲ್ ವೇರಿಯಬಲ್‌ನಲ್ಲಿ ಅಲೊಕೇಟರ್ ಇಡಬಹುದಾ ಅಂತ ನೀವು ಕೇಳಬಹುದು. ಇಡಬಹುದು, ಎಸ್‌ಕ್ಯೂಲೈಟ್ (ಡೇಟಾಬೇಸ್), ಕರ್ಲ್ (ನೆಟ್‌ವರ್ಕ್ ಮೂಲಕ ಡೇಟಾ ತರುವ ಲೈಬ್ರರಿ) ಎರಡರಲ್ಲೂ ಹಾಗೇ ಇದೆ. ಆದರೆ ಹೊಸದಾಗಿ ಮಾಡುವವರಿಗೆ ನಾನು ಹೇಳೋದು ಕಾಂಟೆಕ್ಸ್ಟ್ ಜೊತೆಗೇ ಇಡಿ ಅಂತ. ಒಂದೇ ಪ್ರೊಸೆಸ್‌ನಲ್ಲಿ ಥ್ರೆಡ್‌ಗಳಲ್ಲಿ ಟೆಸ್ಟ್ ಓಡಿಸುವ ದಿನ ಬಂದಾಗ ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ಸೇರೋದಿಲ್ಲ.

ಇಲ್ಲಿ ಒಂದು ಹಳ್ಳ ಇದೆ, ಬಹಳ ಜನ ಬೀಳುತ್ತಾರೆ. ಸ್ಟ್ರ್‌ಡಪ್, ಎಎಸ್‌ಪ್ರಿಂಟ್‌ಎಫ್, ಗೆಟ್‌ಲೈನ್ ಇವೆಲ್ಲ ಒಳಗೊಳಗೇ ಸಿಸ್ಟಮ್ ಮ್ಯಾಲಕ್ ಕರೆಯುತ್ತವೆ. ನಿಮ್ಮ ಅಲೊಕೇಟರ್‌ನ ಕಣ್ಣಿಗೆ ಅವು ಬೀಳೋದೇ ಇಲ್ಲ. ಸೋರ್ಸ್ ಪೂರ್ತಿ ಗ್ರೆಪ್ ಮಾಡಿ (ಹುಡುಕಿ), ಇವುಗಳ ಬದಲು ನಿಮ್ಮದೇ ಪುಟ್ಟ ಫಂಕ್ಷನ್ ಹಾಕಿ. ಹಾಗೆಯೇ ನೀವು ಹೊರಗೆ ಕೊಡುವ ಸ್ಟ್ರಿಂಗನ್ನು ಬಿಡೋದಕ್ಕೆ ನಿಮ್ಮ ಲೈಬ್ರರಿಯದೇ ಫ್ರೀ ಫಂಕ್ಷನ್ ಇರಲಿ. ‘ಬಳಸುವವರು ಮಾಮೂಲಿ ಫ್ರೀ ಕರೆಯಲಿ’ ಅಂತ ಬಿಟ್ಟರೆ ವಿಂಡೋಸ್‌ನಲ್ಲಿ ಪೆಟ್ಟು ತಿನ್ನುತ್ತೀರಿ. ಅಲ್ಲಿ ಡಿಎಲ್‌ಎಲ್‌ಗೆ (ಬೇರೆಯಾಗಿ ಲೋಡ್ ಆಗುವ ಲೈಬ್ರರಿ ಫೈಲ್) ಒಂದು ಸಿ ರನ್‌ಟೈಮ್, ಮುಖ್ಯ ಪ್ರೋಗ್ರಾಮ್‌ಗೆ ಇನ್ನೊಂದು ಇರಬಹುದು. ಒಂದರ ಹೀಪ್‌ನಿಂದ (ಮ್ಯಾಲಕ್ ಜಾಗ ಕೊಡುವ ಮೆಮೊರಿ) ಬಂದದ್ದನ್ನು ಇನ್ನೊಂದಕ್ಕೆ ವಾಪಸ್ ಕೊಟ್ಟರೆ ಕ್ರ್ಯಾಶ್.

ಈಗ ಟೆಸ್ಟ್ ಅಲೊಕೇಟರ್. ನೂರೈವತ್ತು ಸಾಲಿನೊಳಗೆ ಮುಗಿಯುವ ಕೆಲಸ. ಯಾರಾದರೂ ಜಾಗ ಕೇಳಿದಾಗ ಆ ತುಂಡಿಗೆ ಒಂದು ಕ್ರಮಸಂಖ್ಯೆ ಕೊಡಿ. ವಿಳಾಸ, ಗಾತ್ರ, ಕ್ರಮಸಂಖ್ಯೆ ಮೂರನ್ನೂ ಪಕ್ಕದ ಒಂದು ಪಟ್ಟಿಯಲ್ಲಿ ಬರೆದಿಡಿ. ಬಿಟ್ಟಾಗ ಪಟ್ಟಿಯಿಂದ ತೆಗೆಯಿರಿ. ಪಟ್ಟಿಯಲ್ಲಿ ಇಲ್ಲದ ವಿಳಾಸ ಬಂದರೆ ಅಲ್ಲೇ ಕೂಗಿ: ಎರಡು ಸಲ ಫ್ರೀ ಮಾಡಿದ್ದು, ಬೇರೆಯವರ ಪಾಯಿಂಟರ್ ಕೊಟ್ಟದ್ದು, ಎರಡೂ ಸಿಕ್ಕಿಬೀಳುತ್ತವೆ. ಕೊಟ್ಟ ಜಾಗವನ್ನು ಸೊನ್ನೆ ಅಲ್ಲದ ಯಾವುದಾದರೂ ಕಸದಿಂದ ತುಂಬಿ ಕೊಡಿ. ಸೊನ್ನೆ ಇದ್ದೇ ಇರುತ್ತದೆ ಅಂತ ನಂಬಿದ ಕೋಡ್ ಆಗ ಬಾಯಿಬಿಡುತ್ತದೆ. ರಿಯಾಲಕ್ ಕೇಳಿದರೆ ಪ್ರತಿ ಸಲವೂ ಬೇರೆ ವಿಳಾಸಕ್ಕೆ ಸಾಗಿಸಿ, ಹಳೆಯ ಜಾಗವನ್ನು ಕಸ ತುಂಬಿ ಬಿಟ್ಟುಬಿಡಿ. ನಿಜವಾದ ರಿಯಾಲಕ್ ಬಹಳ ಸಲ ಇದ್ದಲ್ಲೇ ಹಿಗ್ಗಿಸಿ ಕೊಡುತ್ತದೆ. ಹಾಗಾಗಿ ಹಳೆಯ ಪಾಯಿಂಟರ್ ಹಿಡಿದು ಕೂತ ಕೋಡ್ ನಿಮ್ಮ ಮಷೀನ್‌ನಲ್ಲಿ ವರ್ಷಗಟ್ಟಲೆ ಸರಿಯಾಗಿಯೇ ಓಡಬಹುದು.

ಇಷ್ಟಾದ ಮೇಲೆ ಎರಡು ಸಂಖ್ಯೆ ನಿಮ್ಮ ಕೈಗೆ ಬರುತ್ತವೆ: ಸದ್ಯ ಎಷ್ಟು ತುಂಡು ಹೊರಗಿವೆ, ಒಟ್ಟು ಎಷ್ಟು ಬೈಟ್ ಹೊರಗಿವೆ. ಟೆಸ್ಟ್ ಮುಗಿಯುವ ಟಿಯರ್‌ಡೌನ್‌ನಲ್ಲಿ ಇವೆರಡೂ ಸೊನ್ನೆ ಅಂತ ಒಂದು ಅಸರ್ಟ್ (ಸುಳ್ಳಾದರೆ ಟೆಸ್ಟ್ ಫೇಲ್ ಮಾಡುವ ಸಾಲು) ಹಾಕಿ. ನಿಮ್ಮ 80 ಟೆಸ್ಟ್‌ಗೂ ಒಂದೇ ಏಟಿಗೆ ಲೀಕ್ ತಪಾಸಣೆ ಬಂತು. ಪ್ರೊಸೆಸ್ ಮೆಮೊರಿಯ ಹಾಗೆ ಇದು ಓಲಾಡೋದಿಲ್ಲ. ಒಂದು ಬೈಟ್ ಉಳಿದರೂ ಪ್ರತಿ ಸಲ ಫೇಲ್. ‘37ನೇ ತುಂಡು ಉಳಿದಿದೆ’ ಅಂತ ಬಂದರೆ, ಅದೇ ಟೆಸ್ಟ್ ಮತ್ತೆ ಓಡಿಸಿ 37 ಬಂದಾಗ ಡಿಬಗ್ಗರ್ ನಿಲ್ಲಿಸಿ. ಕೋಡ್ ಒಂದೇ ಥ್ರೆಡ್‌ನಲ್ಲಿ ಓಡುವವರೆಗೆ ಆ ಸಂಖ್ಯೆ ಬದಲಾಗೋದಿಲ್ಲ.

ಎರಡು ಎಚ್ಚರಿಕೆ. ಟೆಸ್ಟ್ ನಡುವೆಯೇ ಬೇರೆ ಅಸರ್ಟ್ ಫೇಲ್ ಆದರೆ ಹಲವು ಫ್ರೇಮ್‌ವರ್ಕ್‌ಗಳು ಅಲ್ಲಿಂದಲೇ ಹೊರಗೆ ಜಿಗಿಯುತ್ತವೆ. ಆಗ ಉಳಿದ ತುಂಡುಗಳು ನಿಜವಾದ ಲೀಕ್ ಅಲ್ಲ, ಅವನ್ನು ವರದಿ ಮಾಡಿ ಗದ್ದಲ ಮಾಡಬೇಡಿ. ಇನ್ನೊಂದು, ಅಕ್ಷರ ಹುಡುಕುವ ಟೇಬಲನ್ನು ಮೊದಲ ಕರೆಯಲ್ಲಿ ಕಟ್ಟಿ ಕೊನೆಯವರೆಗೂ ಇಟ್ಟುಕೊಳ್ಳುವ ಅಭ್ಯಾಸ ನಿಮ್ಮ ಕೋಡ್‌ನಲ್ಲಿದ್ದರೆ ಮೊದಲ ಟೆಸ್ಟ್ ಸುಮ್ನೆ ಫೇಲ್ ಆಗುತ್ತದೆ. ಆ ಟೇಬಲನ್ನು ಕಾನ್ಸ್ಟ್ ಆಗಿ ಬರೆದಿಡೋದೇ ಒಳ್ಳೆಯದು. ನುಡಿಯ ಟೇಬಲ್ ಹೇಗಿದ್ದರೂ ಬದಲಾಗೋದಿಲ್ಲ.

ಇದನ್ನೆಲ್ಲ ಸ್ವಂತ ಬರೆಯಲು ಮನಸ್ಸಿಲ್ಲದಿದ್ದರೆ ಸಿಪಿಪಿಯೂಟೆಸ್ಟ್ ಎಂಬ ಟೆಸ್ಟ್ ಫ್ರೇಮ್‌ವರ್ಕ್‌ನಲ್ಲಿ ಲೀಕ್ ತಪಾಸಣೆ ಒಳಗೇ ಇದೆ, ಸಿಮೊಕಾದಲ್ಲೂ ಟೆಸ್ಟ್‌ಗೆಂದೇ ಮ್ಯಾಲಕ್, ಫ್ರೀ ಇವೆ. ಆದರೂ ನಾನು ಸ್ವಂತದ್ದನ್ನೇ ಬರೆಯಿರಿ ಅನ್ನುತ್ತೇನೆ. ಕಾರಣ ಮುಂದಿನದು.

ಮೆಮೊರಿ ಸಿಗದಿದ್ದಾಗ ನಿಮ್ಮ ಲೈಬ್ರರಿ ಏನು ಮಾಡುತ್ತದೆ? ನಿಮ್ಮ 80 ಟೆಸ್ಟ್‌ಗಳಲ್ಲಿ ಇದನ್ನು ಕೇಳುವ ಟೆಸ್ಟ್ ಒಂದೂ ಇರಲಿಕ್ಕಿಲ್ಲ. ಮ್ಯಾಲಕ್ ಶೂನ್ಯ ಪಾಯಿಂಟರ್ ವಾಪಸ್ ಕೊಟ್ಟರೆ ಅಂತ ಪ್ರತಿ ಕಡೆ ಇಫ್ ಬರೆದಿರುತ್ತೀರಿ. ಆ ಇಫ್‌ನ ಒಳಗಿನ ಸಾಲುಗಳು ಹುಟ್ಟಿದಾಗಿನಿಂದ ಒಮ್ಮೆಯೂ ಓಡಿರೋದಿಲ್ಲ. ಓಡದ ಕೋಡ್ ಸರಿ ಇದೆ ಅಂತ ಹೇಗೆ ಹೇಳೋದು?

ಟೆಸ್ಟ್ ಅಲೊಕೇಟರ್ ನಿಮ್ಮ ಕೈಯಲ್ಲಿದೆ, ಹಾಗಾಗಿ ಇದು ಸುಲಭ. ‘ಎನ್‌ನೇ ಸಲ ಕೇಳಿದಾಗ ಇಲ್ಲ ಅನ್ನು’ ಅಂತ ಒಂದು ಸ್ವಿಚ್ ಸೇರಿಸಿ. ಆಮೇಲೆ ಒಂದು ಲೂಪ್. ಎನ್ 1 ಇಟ್ಟು ಒಂದು ವಾಕ್ಯವನ್ನು ಪರಿವರ್ತನೆಗೆ ಕೊಡಿ: ಮೊದಲ ಮ್ಯಾಲಕ್ ಫೇಲ್. ಎನ್ 2 ಇಡಿ: ಮೊದಲನೆಯದು ಸಿಗುತ್ತದೆ, ಎರಡನೆಯದು ಇಲ್ಲ. ಹೀಗೇ ಒಂದೊಂದೇ ಏರಿಸುತ್ತಾ ಹೋಗಿ, ಫೇಲ್ ಮಾಡುವ ಸರದಿಯೇ ಬರದೆ ಪರಿವರ್ತನೆ ಪೂರ್ತಿ ಮುಗಿದ ಸುತ್ತಿನಲ್ಲಿ ನಿಲ್ಲಿಸಿ. ಪ್ರತಿ ಸುತ್ತಿನಲ್ಲೂ ನಾಲ್ಕು ವಿಷಯ ನೋಡಿ. ‘ಮೆಮೊರಿ ಇಲ್ಲ’ ಅನ್ನುವ ಎರರ್ ಕೋಡೇ ಬಂತಾ, ಅಥವಾ ಅರ್ಧಂಬರ್ಧ ಪಠ್ಯ ಕೊಟ್ಟು ಸರಿಯಾಯಿತು ಅಂದಿತಾ? ಹೊರಗೆ ಕೊಡುವ ಪಾಯಿಂಟರ್ ಶೂನ್ಯವಾಗಿಯೇ ಇದೆಯಾ? ಅದೇ ಕಾಂಟೆಕ್ಸ್ಟ್‌ನಲ್ಲಿ, ಈ ಸಲ ಮೆಮೊರಿ ಕೊಟ್ಟು, ಮತ್ತೆ ಪರಿವರ್ತನೆ ಮಾಡಿದರೆ ಸರಿಯಾದ ಉತ್ತರ ಬರುತ್ತದಾ? ಕಾಂಟೆಕ್ಸ್ಟ್ ಮುಚ್ಚಿದ ಮೇಲೆ ಲೆಕ್ಕ ಸೊನ್ನೆಯಾ? ಬಹಳ ಜನ ಮೂರನೆಯದನ್ನು ಬಿಡುತ್ತಾರೆ. ಅಲ್ಲೇ ಜಾಸ್ತಿ ಸಿಗೋದು, ಯಾಕೆಂದರೆ ಉದ್ದ ಹೇಳುವ ಸಂಖ್ಯೆಯನ್ನು ಮೊದಲೇ ಏರಿಸಿ ಆಮೇಲೆ ರಿಯಾಲಕ್ ಕೇಳಿದ ಕೋಡ್, ರಿಯಾಲಕ್ ಫೇಲ್ ಆದ ಮೇಲೆ ಇಲ್ಲದ ಜಾಗವನ್ನು ಇದೆ ಅಂತ ನಂಬಿ ಕೂತಿರುತ್ತದೆ.

ರಿಯಾಲಕ್‌ನ ಇನ್ನೊಂದು ಹಳೇ ರೋಗ ನಿಮಗೆ ಗೊತ್ತಿರಬಹುದು. ಅದರ ಉತ್ತರವನ್ನು ಅದೇ ಪಾಯಿಂಟರ್‌ಗೆ ಹಾಕಿದರೆ, ಫೇಲ್ ಆದಾಗ ಹಳೆಯ ವಿಳಾಸ ಕಳೆದುಹೋಗುತ್ತದೆ, ಆ ಜಾಗ ಮಾತ್ರ ಹಾಗೇ ಉಳಿಯುತ್ತದೆ. ಈ ಲೂಪ್ ಮೊದಲ ದಿನವೇ ಇದನ್ನು ಹಿಡಿಯುತ್ತದೆ.

ಎಸ್‌ಕ್ಯೂಲೈಟ್ ತಂಡ ಈ ಲೂಪನ್ನು ಎರಡೆರಡು ಸಲ ಓಡಿಸುತ್ತದೆ. ಒಂದರಲ್ಲಿ ಎನ್‌ನೇ ಕೋರಿಕೆ ಒಂದೇ ಫೇಲ್, ಆಮೇಲೆ ಮತ್ತೆ ಎಲ್ಲ ಸಿಗುತ್ತದೆ. ಇನ್ನೊಂದರಲ್ಲಿ ಎನ್‌ನಿಂದ ಮುಂದೆ ಏನು ಕೇಳಿದರೂ ಇಲ್ಲ. ಎರಡೂ ಯಾಕೆ ಅಂದರೆ, ಅವು ಹಿಡಿಯುವ ತಪ್ಪು ಬೇರೆ ಬೇರೆ. ಎರರನ್ನು ನುಂಗಿಕೊಂಡು ಮುಂದೆ ಹೋಗುವ ಕೋಡ್ ಮೊದಲನೆಯದರಲ್ಲಿ ಸಿಗುತ್ತದೆ. ‘ಮೆಮೊರಿ ಸಿಗಲಿಲ್ಲ’ ಅನ್ನುವ ಸಂದೇಶ ಬರೆಯೋದಕ್ಕೇ ಮೆಮೊರಿ ಕೇಳುವ ಕೋಡ್ ಎರಡನೆಯದರಲ್ಲಿ. ನಗು ಬರುತ್ತದೆ, ಆದರೆ ಇಂಥ ಕೋಡ್ ಕಮ್ಮಿಯೇನಿಲ್ಲ. ಕರ್ಲ್ ತಂಡದಲ್ಲಿ ಇದೇ ಕೆಲಸಕ್ಕೆ ಟಾರ್ಚರ್ ಟೆಸ್ಟ್ ಅಂತಲೇ ಹೆಸರು: ಮೊದಲು ಒಂದು ಸಲ ಓಡಿಸಿ ಫೇಲ್ ಆಗಬಲ್ಲ ಕರೆಗಳು ಎಷ್ಟು ಅಂತ ಎಣಿಸೋದು, ಆಮೇಲೆ ಅಷ್ಟೂ ಸಲ ಮತ್ತೆ ಓಡಿಸಿ ಒಂದೊಂದನ್ನೇ ಫೇಲ್ ಮಾಡೋದು. ಸಾವಿರ ಕರೆ ಇರುವ ಟೆಸ್ಟ್‌ಗೆ ಸಾವಿರ ಸುತ್ತು ಬೇಕು, ಸಮಯ ಹಿಡಿಯುತ್ತದೆ. ಅದಕ್ಕೇ ಅವರು ಎಲ್ಲದರ ಬದಲು ಕೆಲವನ್ನು ಆರಿಸಿ ಓಡಿಸುವ ದಾರಿಯನ್ನೂ ಇಟ್ಟಿದ್ದಾರೆ. ನಿಮ್ಮ ಟೆಸ್ಟ್ ಇನ್‌ಪುಟ್ ಒಂದು ವಾಕ್ಯದಷ್ಟಿದ್ದರೆ ಆ ಚಿಂತೆ ಬೇಡ.

‘ಲಿನಕ್ಸ್‌ನಲ್ಲಿ ಮ್ಯಾಲಕ್ ಫೇಲ್ ಆಗೋದೇ ಇಲ್ಲವಲ್ಲ, ಇಷ್ಟೆಲ್ಲ ಯಾಕೆ?’ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅರ್ಧ ನಿಜ. ಲಿನಕ್ಸ್ ಇರೋದಕ್ಕಿಂತ ಜಾಸ್ತಿ ಮೆಮೊರಿ ಕೊಡುತ್ತೇನೆ ಅಂತ ಮಾತು ಕೊಡುತ್ತದೆ. ಕೊನೆಗೆ ಜಾಗ ಸಾಲದಾದಾಗ ಯಾವುದೋ ಪ್ರೊಸೆಸನ್ನು ಕೊಲ್ಲುತ್ತದೆ. ಆದರೆ ವಿಳಾಸದ ಜಾಗಕ್ಕೆ ಯುಲಿಮಿಟ್‌ನಿಂದ ಮಿತಿ ಹಾಕಿದ ಕಡೆ, 32 ಬಿಟ್ ಯಂತ್ರದಲ್ಲಿ, ಚಿಕ್ಕ ಬೋರ್ಡ್‌ಗಳಲ್ಲಿ ಮ್ಯಾಲಕ್ ಫೇಲ್ ಆಗುತ್ತದೆ. ಹಾಳಾದ ಫೈಲೊಂದು ‘ನನ್ನ ಉದ್ದ ಇಷ್ಟು’ ಅಂತ ಊಹೆಗೂ ಮೀರಿದ ಸಂಖ್ಯೆ ಹೇಳಿದಾಗ ಲಿನಕ್ಸ್‌ನಲ್ಲೂ ಫೇಲ್ ಆಗುತ್ತದೆ. ಅಪ್ಲಿಕೇಶನ್ ಬರೆಯುವವರು ‘ಮೆಮೊರಿ ಇಲ್ಲದಿದ್ದರೆ ಪ್ರೋಗ್ರಾಮ್ ನಿಲ್ಲಿಸುತ್ತೇನೆ’ ಅಂದರೆ ನನ್ನ ತಕರಾರಿಲ್ಲ. ಗ್ಲಿಬ್ ಎಂಬ ಲೈಬ್ರರಿಯ (ಇದು ಗ್ಲಿಬ್‌ಸಿ ಅಲ್ಲ) ಜಿಮ್ಯಾಲಕ್ ಮಾಡೋದೂ ಅದನ್ನೇ, ಮುಚ್ಚಿಡದೆ ಹೇಳಿಯೇ ಮಾಡುತ್ತದೆ. ಆದರೆ ಬೇರೆಯವರ ಸರ್ವರ್ ಒಳಗೆ ಕೂರುವ ಪುಟ್ಟ ಲೈಬ್ರರಿಗೆ ಆ ಸರ್ವರನ್ನು ನಿಲ್ಲಿಸುವ ಅಧಿಕಾರ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ಲಾಭವೂ ಇದೆ. ಈ ಲೂಪ್‌ಗೆ ಹೊಂದುವಂತೆ ಕ್ಲೀನಪ್ ತಿದ್ದುವಾಗ, ತಪ್ಪು ಇನ್‌ಪುಟ್ ಬಂದಾಗ ಹೊರಹೋಗುವ ದಾರಿಗಳೂ ಸರಿಯಾಗುತ್ತವೆ. ಎರಡಕ್ಕೂ ಬಹಳ ಕಡೆ ಒಂದೇ ದಾರಿ. ನಿಮ್ಮ ಟೆಸ್ಟ್‌ಗಳಲ್ಲಿ ನುಡಿಯಲ್ಲಿ ಅರ್ಥವೇ ಇಲ್ಲದ ಬೈಟ್, ಅರ್ಧಕ್ಕೆ ನಿಂತ ಒತ್ತಕ್ಷರ, ಖಾಲಿ ಸ್ಟ್ರಿಂಗ್ ಇವನ್ನು ಕೊಡುವವು ಎಷ್ಟಿವೆ ಅಂತ ಎಣಿಸಿ ನೋಡಿ. ಸರ್ವರ್‌ಗೆ ಬರೋದು ಬಹುಪಾಲು ಅಂಥ ಪಠ್ಯವೇ.

ತೆಗೆದುಕೊಂಡದ್ದನ್ನು ವಾಪಸ್ ಕೊಟ್ಟಿರಾ ಅನ್ನೋದು ಒಂದು. ಕೊಟ್ಟ ಜಾಗದ ಒಳಗೇ ಇದ್ದಿರಾ ಅನ್ನೋದು ಇನ್ನೊಂದು. ನಿಮ್ಮ ಲೈಬ್ರರಿಯಲ್ಲಿ ನನಗೆ ನಿಜವಾದ ಭಯ ಇರೋದು ಇಲ್ಲಿ. ಔಟ್‌ಪುಟ್‌ಗೆ ಎಷ್ಟು ಜಾಗ ಬೇಕು ಅಂತ ಹೇಗೆ ಲೆಕ್ಕ ಹಾಕಿದ್ದೀರಿ? ‘ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೆ (ಯೂನಿಕೋಡ್ ಸಂಕೇತಕ್ಕೆ) 3 ಬೈಟ್, ಹಾಗಾಗಿ ಇನ್‌ಪುಟ್ ಉದ್ದದ ಮೂರು ಪಟ್ಟು, ಸ್ಟ್ರಿಂಗ್ ಮುಗಿಯಿತು ಅನ್ನುವ ಕೊನೆಯ ಸೊನ್ನೆಗೆ ಒಂದು’ ಅಂತ ಬರೆದಿರುವ ಸಾಧ್ಯತೆ ಇದೆ. ಯಾರಿಗಾದರೂ ಮೊದಲು ಹೊಳೆಯೋದು ಅದೇ.

‘ಕನ್ನಡ’ ಅನ್ನುವ ಪದ ಕೊಟ್ಟು ನೋಡಿ. ನುಡಿಯಲ್ಲಿ ಅದು 7 ಬೈಟ್, ಯಾಕೆಂದರೆ ಅಲ್ಲಿ ತಲೆಕಟ್ಟಿಗೂ ಬೇರೆ ಸಂಕೇತ. ಯೂನಿಕೋಡ್‌ನಲ್ಲಿ 5 ಕೋಡ್‌ಪಾಯಿಂಟ್, 15 ಬೈಟ್. ನೀವು ಕೇಳಿದ ಜಾಗ 22. ಆರಾಮಾಗಿ ಹಿಡಿಸಿತು. ಈಗ ‘ಕಿರಿಕಿರಿ’ ಕೊಡಿ. ನುಡಿಯಲ್ಲಿ ‘ಕಿ’ಗೆ ಒಂದೇ ಸಂಕೇತ, ‘ರಿ’ಗೂ ಒಂದೇ. ಒಟ್ಟು 4 ಬೈಟ್. ಯೂನಿಕೋಡ್‌ನಲ್ಲಿ ಪ್ರತಿಯೊಂದೂ ವ್ಯಂಜನ ಮತ್ತು ಗುಡಿಸು ಸೇರಿ ಎರಡು ಕೋಡ್‌ಪಾಯಿಂಟ್, 6 ಬೈಟ್. ಒಟ್ಟು 24, ಸೊನ್ನೆ ಸೇರಿ 25. ನೀವು ಕೇಳಿದ್ದು 13.

ತಮಾಷೆ ಏನಂದರೆ ಇದು ನಿಮ್ಮ ಮಷೀನ್‌ನಲ್ಲಿ ಬೀಳದೇ ಇರಬಹುದು. 64 ಬಿಟ್ ಲಿನಕ್ಸ್‌ನಲ್ಲಿ 13 ಬೈಟ್ ಕೇಳಿದರೆ ಗ್ಲಿಬ್‌ಸಿ ಕೈಗೆ ಬರುವ ಹಾಗೆ 24 ಬೈಟಿನ ತುಂಡು ಕೊಡುತ್ತದೆ. ಅಕ್ಷರಗಳೆಲ್ಲ ಅದರಲ್ಲೇ ಹಿಡಿಸುತ್ತವೆ. ಕೊನೆಯ ಸೊನ್ನೆ ಒಂದೇ ಹೊರಗೆ, ಪಕ್ಕದ ತುಂಡಿನ ಗಾತ್ರ ಬರೆದಿಟ್ಟ ಜಾಗದ ಮೇಲೆ ಬೀಳುತ್ತದೆ. ಪರಿವರ್ತನೆಯ ಉತ್ತರ ಸರಿ, ಟೆಸ್ಟ್ ಪಾಸ್. ಎಲ್ಲೋ ಸಂಬಂಧವೇ ಇಲ್ಲದ ಫ್ರೀ ಒಂದರಲ್ಲಿ ಆಮೇಲೆ ಕ್ರ್ಯಾಶ್. ಬರೀ ‘ಕಿರಿ’ ಅಂತ ಕೊಟ್ಟರೆ 7 ಕೇಳಿ 13 ಬರೆದರೂ ಯಾರಿಗೂ ಗೊತ್ತಾಗೋದಿಲ್ಲ.

ಇದಕ್ಕೆ ಅಡ್ರೆಸ್ ಸ್ಯಾನಿಟೈಸರ್ ಬೇಕು. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಒಂದು ಫ್ಲ್ಯಾಗ್ ಕೊಟ್ಟರೆ ಆಯಿತು. ಪ್ರತಿ ತುಂಡಿನ ಎರಡೂ ಬದಿಗೆ ಮುಟ್ಟಬಾರದ ಜಾಗ ಇಡುತ್ತದೆ. ಮೆಮೊರಿಯ ಪ್ರತಿ 8 ಬೈಟಿಗೆ ಒಂದು ಬೈಟಿನ ನೆರಳು ಲೆಕ್ಕ ಇಟ್ಟು, ಓದುವ ಬರೆಯುವ ಪ್ರತಿ ಜಾಗದಲ್ಲೂ ಅದನ್ನು ನೋಡುತ್ತದೆ. ಫ್ರೀ ಆದ ಜಾಗವನ್ನು ಕೂಡಲೇ ಬೇರೆಯವರಿಗೆ ಕೊಡದೆ ಪಕ್ಕಕ್ಕಿಡುತ್ತದೆ, ಹಾಗಾಗಿ ಬಿಟ್ಟ ಮೇಲೆ ಮುಟ್ಟಿದ್ದೂ ಸಿಗುತ್ತದೆ. ಪ್ರೋಗ್ರಾಮ್ ಸುಮಾರು ಎರಡು ಪಟ್ಟು ನಿಧಾನ ಆಗುತ್ತದೆ, ಅಷ್ಟೇ. ವ್ಯಾಲ್‌ಗ್ರಿಂಡ್ ಅದಕ್ಕಿಂತ ಎಷ್ಟೋ ಪಟ್ಟು ನಿಧಾನ. ‘ಕಿರಿ’ ಟೆಸ್ಟ್ ಇದರಲ್ಲಿ ಮೊದಲ ಸಲವೇ ಬೀಳುತ್ತದೆ.

ಆದರೆ ಟೆಸ್ಟ್ ಡೇಟಾ ಕೊಡುವ ರೀತಿ ಸರಿ ಇರಬೇಕು. 256 ಬೈಟಿನ ಅರೇ ಒಂದರಲ್ಲಿ ಚಿಕ್ಕ ಪದ ಹಾಕಿ ಲೈಬ್ರರಿಗೆ ಕೊಟ್ಟರೆ, ಲೈಬ್ರರಿ ಹತ್ತು ಬೈಟ್ ಆಚೆ ಓದಿದರೂ ಅದು ಅರೇ ಒಳಗೇ ಇರುತ್ತದೆ. ಸ್ಯಾನಿಟೈಸರ್ ತುಟಿ ಬಿಚ್ಚೋದಿಲ್ಲ. ಪ್ರತಿ ಇನ್‌ಪುಟ್ಟನ್ನೂ ಹೀಪ್‌ನಲ್ಲಿ ಅದರ ಅಳತೆಗೆ ಸರಿಯಾಗಿ ಜಾಗ ತೆಗೆದು ನಕಲು ಮಾಡಿ ಕೊಡುವ ಒಂದು ಸಹಾಯಕ ಫಂಕ್ಷನ್ ಬರೆಯಿರಿ. ಉದ್ದ ಹೇಳಿ ಕೊಡುವ ಎಪಿಐ ಆದರೆ ಕೊನೆಯ ಸೊನ್ನೆಯನ್ನೂ ಹಾಕಬೇಡಿ. ಬಳಸುವವರೇ ಬಫರ್ ಕೊಡುವ ಫಂಕ್ಷನ್ ಇದ್ದರೆ ಬಫರ್ ಗಾತ್ರವನ್ನು ಸೊನ್ನೆಯಿಂದ ಹಿಡಿದು ಬೇಕಾದಷ್ಟರವರೆಗೆ ಒಂದೊಂದೇ ಬೈಟ್ ಏರಿಸುತ್ತಾ ಕರೆಯಿರಿ. ಕಡಿಮೆ ಇದ್ದಾಗೆಲ್ಲ ‘ಸಾಲದು’ ಅನ್ನಬೇಕು. ಒಂದಕ್ಷರದ ಮೂರು ಬೈಟಿನಲ್ಲಿ ಎರಡೇ ಬರೆದು ನಿಲ್ಲಬಾರದು. ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಅಕ್ಷರವನ್ನು ಬರೆಯುವ ಬೇರೆ ಬೇರೆ ಬಗೆಗಳನ್ನು ಒಂದೇ ರೂಪಕ್ಕೆ ತರೋದು) ಕೂಡ ಮಾಡುತ್ತೀರಾದರೆ ‘ಕೋ’ ಇಟ್ಟು ನೋಡಿ. ಕೂಡಿದ ರೂಪದಲ್ಲಿ ಅದು 6 ಬೈಟ್, ಪೂರ್ತಿ ಬಿಡಿಸಿದರೆ 12.

ಇಲ್ಲೊಂದು ಸೂಕ್ಷ್ಮ. ಟೆಸ್ಟ್ ಅಲೊಕೇಟರ್‌ನ ಲೆಕ್ಕವನ್ನು ಪಕ್ಕದ ಪಟ್ಟಿಯಲ್ಲಿ ಇಡಿ ಅಂತ ಮೊದಲೇ ಹೇಳಿದ್ದು ಸುಮ್ಮನೆ ಅಲ್ಲ. ಬಹಳ ಜನ ಗಾತ್ರ, ಸಂಖ್ಯೆ ಎಲ್ಲವನ್ನೂ ತುಂಡಿನ ಮುಂದೆಯೇ ಹೆಡರ್ ಮಾಡಿ ಇಡುತ್ತಾರೆ. ಆಗ ಆ ಹೆಡರ್ ಮುಟ್ಟುವ ತಪ್ಪು ಸ್ಯಾನಿಟೈಸರ್‌ಗೆ ಕಾಣೋದಿಲ್ಲ, ಅದರ ಪಾಲಿಗೆ ಅದೂ ನಿಮ್ಮದೇ ಜಾಗ. ನೀವೇ ದೊಡ್ಡ ತುಂಡು ತೆಗೆದು ಒಳಗೆ ಹಂಚುವ ಪೂಲ್ ಇದ್ದರೂ ಇದೇ ಕಥೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಹೊರಬಂದಾಗ ಒಂದು ದೊಡ್ಡ ಟೀಕೆ ಇದೇ ಆಗಿತ್ತು: ಓಪನ್‌ಎಸ್‌ಎಸ್‌ಎಲ್ ತನ್ನದೇ ಫ್ರೀ ಲಿಸ್ಟ್ (ಬಿಟ್ಟ ಜಾಗಗಳ ಪಟ್ಟಿ) ಇಟ್ಟುಕೊಂಡಿದ್ದರಿಂದ ಸಿಸ್ಟಮ್ ಅಲೊಕೇಟರ್‌ನ ಕಾವಲು ಕೆಲಸಕ್ಕೆ ಬರಲಿಲ್ಲ ಅಂತ. ಪೂಲ್ ಬೇಕೇ ಬೇಕು ಅಂದರೆ ಟೆಸ್ಟ್ ಬಿಲ್ಡ್‌ನಲ್ಲಿ ಅದನ್ನು ಆಫ್ ಮಾಡುವ ಸ್ವಿಚ್ ಇರಲಿ.

ವ್ಯಾಲ್‌ಗ್ರಿಂಡ್ ನಿಮಗೆ ‘ಏನೂ ಇಲ್ಲ’ ಅಂದದ್ದಕ್ಕೆ ಬರೋಣ. ಸಿಐನಲ್ಲಿ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಓಡಿಸಿ ಹಸಿರು ಬಣ್ಣ ಮಾತ್ರ ನೋಡಿದ್ದೀರಾದರೆ, ಆ ಹಸಿರಿಗೆ ಅರ್ಥ ಇಲ್ಲ. ಹೇಳದಿದ್ದರೆ ಅದು ನಿಮ್ಮ ಪ್ರೋಗ್ರಾಮ್‌ನ ಎಕ್ಸಿಟ್ ಕೋಡನ್ನೇ ವಾಪಸ್ ಕೊಡುತ್ತದೆ, ಲೀಕ್ ನೂರಿದ್ದರೂ. ಎರರ್ ಎಕ್ಸಿಟ್‌ಕೋಡ್ ಆಯ್ಕೆಯನ್ನೂ, ಲೀಕ್ ಚೆಕ್ ಫುಲ್ ಆಯ್ಕೆಯನ್ನೂ ಒಟ್ಟಿಗೆ ಕೊಡಬೇಕು. ಎರಡನೆಯದು ಇಲ್ಲದಿದ್ದರೆ ಲೀಕನ್ನು ಎರರ್ ಅಂತ ಎಣಿಸೋದೇ ಇಲ್ಲ. ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಟ್ಟಿದ ಬಿಲ್ಡನ್ನು ವ್ಯಾಲ್‌ಗ್ರಿಂಡ್ ಒಳಗೆ ಓಡಿಸಲು ಆಗೋದಿಲ್ಲ, ಎರಡಕ್ಕೂ ಬೇರೆ ಬೇರೆ ಬಿಲ್ಡ್ ಬೇಕು. ಬೆಲೆ ಹಾಕದ ಮೆಮೊರಿಯನ್ನು ಓದಿದ್ದು ಅಡ್ರೆಸ್ ಸ್ಯಾನಿಟೈಸರ್‌ಗೆ ಕಾಣೋದಿಲ್ಲ, ಅದಕ್ಕೆ ವ್ಯಾಲ್‌ಗ್ರಿಂಡ್ ಬಳಸಿ.

ವ್ಯಾಲ್‌ಗ್ರಿಂಡ್‌ನ ಎಚ್ಚರಿಕೆಯನ್ನು ಅರ್ಥ ಮಾಡಿಕೊಳ್ಳದೆ ಬಾಯಿ ಮುಚ್ಚಿಸಬೇಡಿ. 2006ರಲ್ಲಿ ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ನಲ್ಲಿ ಇಂಥದೇ ಎಚ್ಚರಿಕೆ ಬರುತ್ತದೆ ಅಂತ ಎರಡು ಸಾಲನ್ನು ಕಾಮೆಂಟ್ ಮಾಡಿ ಓಡದಂತೆ ಮಾಡಿದರು. ಅದರಲ್ಲಿ ಒಂದು ಯಾದೃಚ್ಛಿಕ ಸಂಖ್ಯೆಗೆ ಬೀಜ ಬೆರೆಸುವ ಸಾಲು. 2008ರ ಮೇ ತಿಂಗಳಲ್ಲಿ ಗೊತ್ತಾದಾಗ, ಕೀ ತಯಾರಾಗಲು ಉಳಿದಿದ್ದ ವ್ಯತ್ಯಾಸ ಬರೀ ಪ್ರೊಸೆಸ್ ಸಂಖ್ಯೆ: ಒಂದು ಬಗೆಯ ಕೀಗೆ 32,768 ಸಾಧ್ಯತೆ ಮಾತ್ರ.

ಸರಿ, ನಿಮ್ಮ ವ್ಯಾಲ್‌ಗ್ರಿಂಡ್ ವರದಿ ನಿಜಕ್ಕೂ ಸ್ವಚ್ಛ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಮೆಮೊರಿ ಏರಬಹುದು. ಕಾಂಟೆಕ್ಸ್ಟ್ ಒಳಗೆ ಪದಗಳ ಕ್ಯಾಶ್ (ಮತ್ತೆ ಬೇಕಾದಾಗ ಬೇಗ ಸಿಗಲಿ ಅಂತ ಇಟ್ಟ ಸಂಗ್ರಹ) ಇಟ್ಟು, ಅದು ಬೆಳೆಯುತ್ತಾ ಹೋಗಿ, ಕೊನೆಯಲ್ಲಿ ಕಾಂಟೆಕ್ಸ್ಟ್ ಮುಚ್ಚಿದಾಗ ಎಲ್ಲ ಬಿಟ್ಟರೆ, ಅದು ಯಾವ ಟೂಲ್ ಲೆಕ್ಕದಲ್ಲೂ ಲೀಕ್ ಅಲ್ಲ. ಸರ್ವರ್ ಮಾತ್ರ ಕಾಂಟೆಕ್ಸ್ಟ್ ಮುಚ್ಚೋದೇ ಇಲ್ಲ. ಟೆಸ್ಟ್ ಹೀಗೆ: ಒಂದೇ ಕಾಂಟೆಕ್ಸ್ಟ್‌ನಲ್ಲಿ ಬೇರೆ ಬೇರೆ ಪದ ಕೊಡುತ್ತಾ ಹೋಗಿ. ಕ್ಯಾಶ್‌ಗೆ ನೀವು ಹಾಕಿದ ಮಿತಿ ದಾಟಿದ ಮೇಲೆ ಹೊರಗಿರುವ ಬೈಟ್ ಎಷ್ಟು ಅಂತ ಬರೆದುಕೊಳ್ಳಿ. ಇನ್ನೂ ಸಾವಿರ ಪದ ಕೊಡಿ. ಆ ಸಂಖ್ಯೆ ನೀವು ಅಂದುಕೊಂಡ ಗರಿಷ್ಠ ಬೈಟ್ ದಾಟಬಾರದು. ಮಿತಿಯೇ ಹಾಕಿಲ್ಲ ಅಂದರೆ ಮೊದಲು ಅದನ್ನು ಹಾಕಿ.

ಈಗ ನನ್ನ ಅನುಮಾನ. ಪೈಥಾನ್ ಸಿಟೈಪ್ಸ್‌ನಲ್ಲಿ ಒಂದು ಫಂಕ್ಷನ್ ವಾಪಸ್ ಕೊಡುವ ಬಗೆಯನ್ನು ಸಿ-ಚಾರ್-ಪಿ ಅಂತ ಹೇಳಿದರೆ, ಬಂದ ಪಾಯಿಂಟರನ್ನು ಸಿಟೈಪ್ಸ್ ತಾನಾಗಿಯೇ ಪೈಥಾನ್ ಬೈಟ್ಸ್ ಆಗಿ ನಕಲು ಮಾಡಿ ಕೈಗೆ ಕೊಡುತ್ತದೆ. ಮೂಲ ಪಾಯಿಂಟರ್ ಅಲ್ಲಿಗೆ ಕಳೆದುಹೋಯಿತು. ನಿಮ್ಮ ಫ್ರೀ ಫಂಕ್ಷನ್‌ಗೆ ಕೊಡೋಣ ಅಂದರೂ ಗೆಳೆಯರ ಹತ್ತಿರ ಏನೂ ಇಲ್ಲ. ಪ್ರತಿ ಪರಿವರ್ತನೆಗೂ ಒಂದು ಸ್ಟ್ರಿಂಗ್ ಸೋರುತ್ತದೆ. ಸಿ ಕಡೆಯ ನಿಮ್ಮ ಟೆಸ್ಟ್‌ಗಳು ಸ್ಟ್ರಿಂಗನ್ನು ಸರಿಯಾಗಿ ಬಿಡುತ್ತವೆ, ಹಾಗಾಗಿ ವ್ಯಾಲ್‌ಗ್ರಿಂಡ್‌ಗೆ ಹೇಳೋದಕ್ಕೆ ಏನೂ ಸಿಗೋದಿಲ್ಲ.

ಅವರಿಗೆ ಹೇಳಿ: ವಾಪಸ್ ಬಗೆಯನ್ನು ಸಿ-ವಾಯ್ಡ್-ಪಿ ಮಾಡಲಿ, ಸ್ಟ್ರಿಂಗ್-ಅಟ್ ಬಳಸಿ ಬೈಟ್‌ಗಳನ್ನು ನಕಲು ಮಾಡಿಕೊಳ್ಳಲಿ, ಆಮೇಲೆ ಫೈನಲಿ ಬ್ಲಾಕ್‌ನಲ್ಲಿ ನಿಮ್ಮ ಫ್ರೀ ಕರೆಯಲಿ. ಆ ಫ್ರೀ ಫಂಕ್ಷನ್‌ನ ಆರ್ಗ್ಯುಮೆಂಟ್ ಬಗೆಯನ್ನೂ ಸಿ-ವಾಯ್ಡ್-ಪಿ ಅಂತ ಹೇಳೋದು ಮರೆಯಬಾರದು. ಇಲ್ಲದಿದ್ದರೆ 64 ಬಿಟ್ ವಿಳಾಸವನ್ನು 32 ಬಿಟ್ ಇಂಟ್ ಅಂದುಕೊಂಡು ಕತ್ತರಿಸಿ ಕಳಿಸುವ ಅಪಾಯ ಇದೆ.

ಇದಕ್ಕೂ ಟೆಸ್ಟ್ ಬರೆಯಬಹುದು. ನಿಮ್ಮ ಡಿಬಗ್ ಬಿಲ್ಡ್‌ನಿಂದ ‘ಸದ್ಯ ಹೊರಗಿರುವ ತುಂಡು ಎಷ್ಟು’ ಅಂತ ಹೇಳುವ ಒಂದು ಫಂಕ್ಷನ್ ಹೊರಗೆ ಕೊಡಿ. ಪೈಥಾನ್ ಕಡೆಯ ಟೆಸ್ಟ್‌ನಲ್ಲಿ ಒಂದು ಸಲ ಪರಿವರ್ತನೆ ಮಾಡಿ ಆ ಸಂಖ್ಯೆ ನೋಡಿ, ನೂರು ಸಲ ಮಾಡಿ ಮತ್ತೆ ನೋಡಿ, ಎರಡೂ ಒಂದೇ ಇರಬೇಕು. ಪೈಥಾನ್‌ನ ಟ್ರೇಸ್‌ಮ್ಯಾಲಕ್ ಇಲ್ಲಿ ಸಹಾಯಕ್ಕೆ ಬರೋದಿಲ್ಲ. ಅದು ಪೈಥಾನ್ ಅಲೊಕೇಟರ್ ಮೂಲಕ ಹೋದದ್ದನ್ನಷ್ಟೇ ಎಣಿಸುತ್ತದೆ, ನಿಮ್ಮ ಮ್ಯಾಲಕ್ ಅದರ ಕಣ್ಣಿಗೆ ಬೀಳೋದಿಲ್ಲ. ಈ ಟೆಸ್ಟ್‌ನಲ್ಲಿ ಸಂಖ್ಯೆ ಸರಿಯಾಗಿ ನೂರು ಏರಿದ್ದರೆ ಕಳ್ಳ ಸಿಕ್ಕಿದ. ಏರದಿದ್ದರೆ ಕ್ಯಾಶ್ ಟೆಸ್ಟನ್ನೂ, ತಪ್ಪು ಇನ್‌ಪುಟ್ ಟೆಸ್ಟ್‌ಗಳನ್ನೂ ಓಡಿಸಿ, ಬಂದ ಸಂಖ್ಯೆಗಳ ಜೊತೆ ಮತ್ತೆ ಬರೆಯಿರಿ.